ಗೊತ್ತಿದ್ದದ್ದೆಲ್ಲ ಉತ್ತರವಲ್ಲ

ಪ್ರಬಂಧರೂಪದ ಪ್ರಶ್ನೆಗಳ ಬಗ್ಗೆ ಬರೆಯಿರಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಶಿಕ್ಷಕರವೇ ಹೆಚ್ಚು. ಮಕ್ಕಳು ಪಾಠ ಓದಿರುತ್ತಾರೆ, ಪ್ರಶ್ನೆಯನ್ನು ಓದುವುದಿಲ್ಲ ಎಂಬ ಸಂಕಟ ಎಲ್ಲರದ್ದೂ. ನಾನು ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು. ಹಾಗಾಗಿ ಉದಾಹರಣೆಗಳೆಲ್ಲ ಬಹುಪಾಲು ಇತಿಹಾಸದವೇ ಆಗಿವೆ. ಬೇರೆ ವಿಷಯ ಕಲಿಸುವವರು ತಮ್ಮ ಪಾಠಕ್ಕೆ ಹೊಂದಿಸಿಕೊಳ್ಳಲಿ.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ಮಕ್ಕಳು ದೀರ್ಘ ಉತ್ತರದ ಪ್ರಶ್ನೆ ಕಂಡ ಕೂಡಲೇ ಆ ಪಾಠದಲ್ಲಿ ಗೊತ್ತಿರುವುದನ್ನೆಲ್ಲ ಬರೆದುಬಿಡುತ್ತಾರೆ. ‘ಕೇಳಿದ್ದನ್ನಷ್ಟೇ ಬರೆಯಿರಿ’ ಎಂದು ಹೇಳಿ ಹೇಳಿ ಸಾಕಾಗಿದೆ. ಇದನ್ನು ಕಲಿಸುವ ಕ್ರಮ ಇದೆಯೇ?
– ಶಿಕ್ಷಕಿ, ಚಿತ್ರದುರ್ಗ ಜಿಲ್ಲೆ

ಉತ್ತರ: ಇದೆ ಮೇಡಂ. ಆದರೆ ‘ಕೇಳಿದ್ದನ್ನಷ್ಟೇ ಬರೆಯಿರಿ’ ಎಂಬ ಮಾತಿನಿಂದ ಅದು ಬರುವುದಿಲ್ಲ. ಏನು ಕೇಳಿದ್ದಾರೆ ಎಂಬುದೇ ಕಾಣದ ಮಗುವಿಗೆ ಆ ಮಾತು ಬರೀ ಗದರಿಕೆಯಾಗಿ ಕೇಳಿಸುತ್ತದೆ. ಮೊದಲು ಪ್ರಶ್ನೆಯನ್ನು ಬಿಡಿಸುವುದು ಹೇಗೆಂದು ಮಗುವಿನ ಕಣ್ಣೆದುರೇ ಮಾಡಿ ತೋರಿಸಬೇಕು.

ನಮ್ಮ ರಾಜ್ಯದ ಎಲ್ಲ ಮಕ್ಕಳಿಗೂ ಗೊತ್ತಿರುವ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಸರ್ ಎಂ. ವಿಶ್ವೇಶ್ವರಯ್ಯನವರನ್ನು ಆಧುನಿಕ ಮೈಸೂರಿನ ನಿರ್ಮಾಪಕ ಎನ್ನುತ್ತಾರೆ, ಏಕೆ? ಈ ಪ್ರಶ್ನೆಗೆ ಗೈಡಿನಲ್ಲಿ ಸಿದ್ಧ ಉತ್ತರವಿದೆ, ಮಕ್ಕಳು ಅದನ್ನು ಒಪ್ಪಿಸುತ್ತಾರೆ. ಹಾಗಾಗಿ ಕಪ್ಪುಹಲಗೆಯ ಮೇಲೆ ಸ್ವಲ್ಪ ತಿದ್ದಿ ಬರೆಯಿರಿ: ‘ವಿಶ್ವೇಶ್ವರಯ್ಯನವರನ್ನು ಆಧುನಿಕ ಮೈಸೂರಿನ ನಿರ್ಮಾಪಕ ಎಂದು ಕರೆಯುವುದು ಎಷ್ಟರಮಟ್ಟಿಗೆ ಸರಿ?’ ಈಗ ಪೆನ್ನು ಕೆಳಗಿಡಿಸಿ. ಯಾರೂ ಏನೂ ಬರೆಯಕೂಡದು.

‘ಎಷ್ಟರಮಟ್ಟಿಗೆ’ ಎಂಬುದನ್ನು ಡಸ್ಟರಿನಿಂದ ಅಳಿಸಿ ‘ಏಕೆ’ ಎಂದು ತಿದ್ದಿ, ಉತ್ತರದಲ್ಲಿ ಏನು ಬದಲಾಗುತ್ತದೆ ಎಂದು ಕೇಳಿ. ಮೊದಲು ಯಾರೂ ಬಾಯಿ ಬಿಡುವುದಿಲ್ಲ. ಕಾಯಿರಿ. ‘ಏಕೆ’ ಎಂದರೆ ಅವರು ನಿರ್ಮಾಪಕರು ಎಂಬುದನ್ನು ಆಗಲೇ ಒಪ್ಪಿಕೊಂಡಂತೆ, ‘ಎಷ್ಟರಮಟ್ಟಿಗೆ’ ಎಂದರೆ ಒಪ್ಪಬೇಕೋ ಬೇಡವೋ ಎಂದು ನಾವೇ ತೂಗಿ ಹೇಳಬೇಕು ಎಂಬುದನ್ನು ಯಾರಾದರೂ ಒಬ್ಬ ಹುಡುಗಿ ಹೇಳಿಯೇ ಹೇಳುತ್ತಾಳೆ. ಆಮೇಲೆ ‘ಆಧುನಿಕ’ವನ್ನು ಅಳಿಸಿ. ಬರೀ ‘ಮೈಸೂರಿನ ನಿರ್ಮಾಪಕ’ ಎಂದಾಗ ಯಾರ ಹೆಸರು ಬರುತ್ತದೆ? ಒಡೆಯರು, ಹೈದರ್, ಟಿಪ್ಪು, ಎಲ್ಲರೂ ಬರುತ್ತಾರೆ. ಅಂದರೆ ‘ಆಧುನಿಕ’ ಎಂಬುದು ಪ್ರಶ್ನೆಗೆ ಹಾಕಿದ ಬೇಲಿ ಎಂದಾಯಿತು. ಹಾಗಾದರೆ ಯಾವುದನ್ನು ಆಧುನಿಕ ಎನ್ನುತ್ತೀರಿ ಎಂದು ಕೇಳಿ. ಕಾರ್ಖಾನೆ, ಅಣೆಕಟ್ಟು, ಬ್ಯಾಂಕು, ವಿಶ್ವವಿದ್ಯಾಲಯ ಎನ್ನುತ್ತಾರೆ. ಜನರಿಗೆ ಆಡಳಿತದಲ್ಲಿ ಪಾಲು ಸಿಗುವುದು ಆಧುನಿಕವಲ್ಲವೇ, ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಹುದ್ದೆ ಸಿಗುವುದು ಆಧುನಿಕವಲ್ಲವೇ ಎಂದು ನೀವು ಸೇರಿಸಿ. ಇನ್ನು ಉಳಿದದ್ದು ‘ನಿರ್ಮಾಪಕ’. ಒಬ್ಬರೇ ಕಟ್ಟಿದರೇ? ಅವರಿಗಿಂತ ಮೊದಲು ಏನಿತ್ತು, ಆಮೇಲೆ ಏನಾಯಿತು?

ಈಗ ಮಕ್ಕಳು ತಮಗೆ ಗೊತ್ತಿರುವ ಸಂಗತಿಗಳನ್ನು ಹೇಳಲಿ, ನೀವು ಹಲಗೆಯ ಮೇಲೆ ಬರೆಯುತ್ತಾ ಹೋಗಿ. ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. 1912ರಿಂದ 1918ರವರೆಗೆ ದಿವಾನರಾಗಿದ್ದರು. 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ. ಕೃಷ್ಣರಾಜಸಾಗರ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ. 1955ರಲ್ಲಿ ಭಾರತರತ್ನ. ಎಲ್ಲವೂ ಸರಿಯಾದ ಸಂಗತಿಗಳೇ. ಆದರೆ ಮುದ್ದೇನಹಳ್ಳಿಯೂ ಭಾರತರತ್ನವೂ ಈ ಪ್ರಶ್ನೆಗೆ ಬೇಡ. ಅವೆರಡನ್ನು ಹೊಡೆದುಹಾಕುವ ಕೆಲಸವನ್ನು ಮಗುವಿನ ಕೈಯಿಂದಲೇ ಮಾಡಿಸಿ. ಕಷ್ಟಪಟ್ಟು ಬಾಯಿಪಾಠ ಮಾಡಿದ ಸತ್ಯವನ್ನು ಬಿಟ್ಟುಕೊಡಲು ಮಕ್ಕಳಿಗೆ ನಿಜವಾಗಿ ಸಂಕಟವಾಗುತ್ತದೆ. ಆ ಸಂಕಟವನ್ನು ದಾಟಿಸುವುದೇ ಇಲ್ಲಿ ಶಿಕ್ಷಕರ ದೊಡ್ಡ ಕೆಲಸ ಎಂದು ನಾನು ನಂಬಿದ್ದೇನೆ.

ಆಮೇಲೆ ಪಠ್ಯಪುಸ್ತಕದ ಬೇರೆ ಪುಟಗಳಿಂದ ಇನ್ನಷ್ಟನ್ನು ಎಳೆದು ತನ್ನಿ. ಪ್ರಜಾಪ್ರತಿನಿಧಿ ಸಭೆ ಶುರುವಾದದ್ದು 1881ರಲ್ಲಿ, ರಂಗಾಚಾರ್ಲು ದಿವಾನರಾಗಿದ್ದಾಗ. ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ. ಅದರ ಹಿಂದೆ ಶೇಷಾದ್ರಿ ಅಯ್ಯರ್ ಅವರ ಶ್ರಮವಿತ್ತು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಇವೆಲ್ಲ ವಿಶ್ವೇಶ್ವರಯ್ಯ ಮೈಸೂರಿಗೆ ಬರುವ ಮೊದಲಿನ ಸಂಗತಿಗಳು. ಅವರ ನಂತರ ಮಿರ್ಜಾ ಇಸ್ಮಾಯಿಲ್ 1926ರಿಂದ 1941ರವರೆಗೆ ದಿವಾನರಾಗಿದ್ದರು. ಇವರೆಲ್ಲರಿಗೂ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರು ಇದ್ದರು. ಹಿಂದುಳಿದವರ ಪ್ರಾತಿನಿಧ್ಯಕ್ಕಾಗಿ 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯ ವಿಚಾರ ವಿಶ್ವೇಶ್ವರಯ್ಯನವರಿಗೆ ಒಪ್ಪಿಗೆಯಾಗಿರಲಿಲ್ಲ. ಅದೇ ವರ್ಷ ಅವರು ದಿವಾನಗಿರಿ ಬಿಟ್ಟರು.

ಇಷ್ಟು ಮುಂದಿಟ್ಟ ಮೇಲೆ ಕೃಷ್ಣರಾಜಸಾಗರವೊಂದನ್ನೇ ಹಿಡಿದು ತೋರಿಸಿ. ಗೈಡಿನ ಉತ್ತರದಲ್ಲಿ ಅದು ಪಟ್ಟಿಯ ಮೂರನೆಯ ಅಂಶ, ‘ಕೆಆರ್‌ಎಸ್ ಅಣೆಕಟ್ಟು ಕಟ್ಟಿಸಿದರು’ ಎಂಬಲ್ಲಿಗೆ ಮುಗಿಯುತ್ತದೆ. ನಮ್ಮ ಪ್ರಶ್ನೆಗೆ ಅದೇ ಸಂಗತಿ ಎರಡು ಕಡೆಗೂ ಸಾಕ್ಷಿ ನುಡಿಯುತ್ತದೆ. ಅವರು ಮುಖ್ಯ ಎಂಜಿನಿಯರ್ ಆಗಿದ್ದಾಗ, 1911ರಲ್ಲಿ ಕೆಲಸ ಆರಂಭವಾಯಿತು. ಯೋಜನೆಯೂ ಹಟವೂ ಅವರದ್ದು, ಆದ್ದರಿಂದ ‘ನಿರ್ಮಾಪಕ’ ಎಂಬ ಮಾತಿಗೆ ಬಲ ಬರುತ್ತದೆ. ಕೆಲಸ ಮುಗಿದದ್ದು 1930ರ ದಶಕದ ಆರಂಭದಲ್ಲಿ, ಅವರು ದಿವಾನಗಿರಿ ಬಿಟ್ಟು ಹತ್ತು ವರ್ಷ ಕಳೆದ ಮೇಲೆ. ಅಂದಮೇಲೆ ಅದನ್ನು ಮುಗಿಸಿದ ಕೈಗಳು ಬೇರೆ. ಒಂದೇ ಅಣೆಕಟ್ಟು, ಅದೇ ಇಸವಿಗಳು. ಪ್ರಶ್ನೆಗೆ ಕಟ್ಟಿದಾಗ ಮಾತ್ರ ಅವು ಬಾಯಿ ಬಿಡುತ್ತವೆ. ಇದನ್ನು ಕಂಡಾಗ ಮಕ್ಕಳ ಮುಖ ಬದಲಾಗುವುದನ್ನು ನೀವೇ ನೋಡಿ.

ಕೊನೆಗೆ ಪ್ರತಿಯೊಬ್ಬರೂ ಒಂದೇ ಒಂದು ವಾಕ್ಯ ಬರೆಯಲಿ: ನನ್ನ ತೀರ್ಮಾನ ಏನು? ‘ಕೈಗಾರಿಕೆ ಮತ್ತು ಶಿಕ್ಷಣದಲ್ಲಿ ಅವರಿಗೆ ಆ ಹೆಸರು ಸಲ್ಲುತ್ತದೆ, ಆದರೆ ವಿದ್ಯುತ್ತಿಗೂ ಪ್ರಜಾಪ್ರತಿನಿಧಿ ಸಭೆಗೂ ಅಡಿಪಾಯ ಹಾಕಿದವರು ಬೇರೆಯವರು’ ಎಂಬಂಥ ವಾಕ್ಯ ಬಂದರೆ ಉತ್ತರ ಮುಕ್ಕಾಲು ಮುಗಿಯಿತು. ಬೇರೆ ತೀರ್ಮಾನಕ್ಕೆ ಬಂದ ಮಗುವನ್ನು ದಯವಿಟ್ಟು ತಿದ್ದಬೇಡಿ. ಅದಕ್ಕೆ ಆಧಾರ ಕೊಟ್ಟಿದೆಯೇ ಎಂದಷ್ಟೇ ನೋಡಿ.

ಪ್ರಶ್ನೆ: ಮೇಡಂ, ನಾನು ದ್ವಿತೀಯ ಪಿಯುಸಿ ಕಲಾ ವಿಭಾಗದ ವಿದ್ಯಾರ್ಥಿ. ವಿವರಿಸಿ, ಚರ್ಚಿಸಿ, ವಿಶ್ಲೇಷಿಸಿ, ವಿಮರ್ಶಾತ್ಮಕವಾಗಿ ಪರಿಶೀಲಿಸಿ ಎಂದೆಲ್ಲ ಕೇಳುತ್ತಾರೆ. ಎಲ್ಲದಕ್ಕೂ ನಾನು ಒಂದೇ ರೀತಿ ಬರೆಯುತ್ತೇನೆ. ವ್ಯತ್ಯಾಸ ಇದೆಯೇ?
– ವಿದ್ಯಾರ್ಥಿ, ಹಾವೇರಿ

ಉತ್ತರ: ಇದೆ ಮಗೂ. ಪ್ರತಿಯೊಂದಕ್ಕೂ ಲಕ್ಷಣ ಬರೆದು ಬಾಯಿಪಾಠ ಮಾಡಬೇಡ. ಒಂದೇ ವಿಷಯವನ್ನು ಹಿಡಿದು ಮೂರು ರೀತಿ ಕೇಳಿಕೊಂಡು ನೋಡು.

1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ ನಿನಗೆ ಗೊತ್ತು. ‘ಬೆಳಗಾವಿ ಅಧಿವೇಶನವನ್ನು ವಿವರಿಸಿ’ ಎಂದರೆ ಏನು ನಡೆಯಿತು, ಯಾರಿದ್ದರು, ಹೇಗೆ ನಡೆಯಿತು ಎಂದು ಓದುವವನಿಗೆ ಕಾಣುವಂತೆ ಬರೆಯಬೇಕು. ಗಾಂಧೀಜಿ ಅಧ್ಯಕ್ಷರಾಗಿದ್ದ ಏಕೈಕ ಅಧಿವೇಶನ ಅದು. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳುತನ, ಹರ್ಡೀಕರರ ಸೇವಾದಳದ ಸ್ವಯಂಸೇವಕರು, ಹುಯಿಲಗೋಳ ನಾರಾಯಣರಾಯರ ನಾಡಗೀತೆ, ಅದೇ ಊರಿನಲ್ಲಿ ಅದೇ ಹೊತ್ತಿಗೆ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಸೇರಿದ ಏಕೀಕರಣ ಪರಿಷತ್ತು, ಇಷ್ಟೂ ಬರಬಹುದು. ಇಲ್ಲಿ ನಿನ್ನ ತೀರ್ಪು ಯಾರಿಗೂ ಬೇಕಿಲ್ಲ.

‘ಏಕೀಕರಣ ಚಳವಳಿಗೆ ಬೆಳಗಾವಿ ಅಧಿವೇಶನ ನೀಡಿದ ತಿರುವನ್ನು ವಿಶ್ಲೇಷಿಸಿ’ ಎಂದರೆ ಸೇವಾದಳವನ್ನು ಬಿಟ್ಟುಬಿಡಬಹುದು. ಅಧಿವೇಶನಕ್ಕೆ ಮೊದಲು ಏಕೀಕರಣದ ಮಾತು ಎಲ್ಲಿತ್ತು? ಧಾರವಾಡದಲ್ಲಿ 1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘದಂಥ ಕಡೆ, ಆಲೂರು ವೆಂಕಟರಾಯರಂಥ ಬರಹಗಾರರ ಬಳಿ, ಓದುಬರಹ ಬಲ್ಲವರ ನಡುವೆ ಇತ್ತು. ಅಧಿವೇಶನಕ್ಕೆ ಮೈಸೂರು, ಹೈದರಾಬಾದ್, ಮುಂಬೈ, ಮದ್ರಾಸು ಪ್ರಾಂತ್ಯಗಳ ಕನ್ನಡಿಗರು ಒಂದೇ ಊರಿನಲ್ಲಿ ಕಲೆತಾಗ ಆ ಮಾತು ರಾಷ್ಟ್ರೀಯ ಚಳವಳಿಯ ಬೆನ್ನೇರಿತು. ಹೀಗೆ ಕಾರಣಕ್ಕೂ ಪರಿಣಾಮಕ್ಕೂ ಗಂಟು ಹಾಕುತ್ತಾ ಹೋಗುವುದು ವಿಶ್ಲೇಷಣೆ.

‘ಕರ್ನಾಟಕದ ಏಕೀಕರಣ ಕಾಂಗ್ರೆಸ್ಸಿನ ಕೊಡುಗೆ, ಚರ್ಚಿಸಿ’ ಎಂದರೆ ಯಾರೋ ಒಂದು ವಾದ ಮುಂದಿಟ್ಟಿದ್ದಾರೆ ಎಂದು ತಿಳಿ. ಬೆಳಗಾವಿ ಈಗ ಆ ವಾದದ ಪರವಾಗಿ ಬರುತ್ತದೆ. ಎದುರಿಗೆ 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಉಪವಾಸ ಕೂತದ್ದನ್ನೂ ಹುಬ್ಬಳ್ಳಿಯಲ್ಲಿ ಜನ ಸಿಡಿದೆದ್ದದ್ದನ್ನೂ ಇಡಬೇಕು. ಕಾಂಗ್ರೆಸ್ಸಿನದೇ ಸರ್ಕಾರವಿದ್ದಾಗ ಜನ ಬೀದಿಗಿಳಿಯಬೇಕಾಯಿತಲ್ಲ, ಏಕೆ? ಎರಡನ್ನೂ ತೂಗಿ, ನಿನಗೆ ಯಾವುದು ಹೆಚ್ಚು ತೂಕದ್ದು ಎನಿಸಿತು ಎಂದು ಹೇಳಿ ಮುಗಿಸಬೇಕು. ‘ವಿಮರ್ಶಾತ್ಮಕವಾಗಿ ಪರಿಶೀಲಿಸಿ’ ಎಂಬುದೂ ಇದರ ಹತ್ತಿರದ್ದೇ. ಅಲ್ಲಿ ವಾದದ ಕೊರತೆಯನ್ನು ಇನ್ನಷ್ಟು ಒತ್ತಿ ಹೇಳಬೇಕು ಅಷ್ಟೇ. ವಿಮರ್ಶೆ ಎಂದರೆ ಬೈಗುಳವಲ್ಲ.

ಒಂದು ಮಾತು ನೆನಪಿಡು. ಪ್ರಶ್ನೆಪತ್ರಿಕೆ ತಯಾರಿಸುವವರೂ ಕೆಲವೊಮ್ಮೆ ಈ ಪದಗಳನ್ನು ಹಗುರವಾಗಿ ಬಳಸುತ್ತಾರೆ. ಐದು ಅಂಕಕ್ಕೆ ‘ಚರ್ಚಿಸಿ’ ಎಂದಿದ್ದರೆ ಬಹುತೇಕ ಅದು ‘ವಿವರಿಸಿ’ಯೇ. ಪದವನ್ನೂ ಅಂಕವನ್ನೂ ಒಟ್ಟಿಗೆ ನೋಡು.

ಪ್ರಶ್ನೆ: ನನ್ನ ಮಗಳು ಈ ಬಾರಿ ಎಸ್‌ಎಸ್‌ಎಲ್‌ಸಿ. ಕನ್ನಡ ಪ್ರಬಂಧಕ್ಕೆ ಅವಳ ಟ್ಯೂಷನ್‌ನಲ್ಲಿ ಎಲ್ಲ ವಿಷಯಕ್ಕೂ ಹೊಂದುವ ಒಂದು ಪೀಠಿಕೆ, ಒಂದು ಉಪಸಂಹಾರ ಕಲಿಸಿದ್ದಾರೆ. ನಡುವೆ ಮಾತ್ರ ವಿಷಯ ಬದಲಾಯಿಸಿದರೆ ಸಾಕಂತೆ. ಸರಿಯೇ?
– ತಾಯಿ, ತುಮಕೂರು

ಉತ್ತರ: ಸರಿಯಲ್ಲ ಅಮ್ಮಾ. ಯಾವ ವಿಷಯಕ್ಕೂ ಹೊಂದುವ ಪೀಠಿಕೆ ಯಾವ ವಿಷಯಕ್ಕೂ ಸೇರಿದ್ದಲ್ಲ. ಮಗುವಿಗೆ ವಿಷಯ ಏನೆಂದು ಯೋಚಿಸಬೇಕಾದ ಮೊದಲ ಕ್ಷಣವನ್ನೇ ಆ ಸಿದ್ಧ ವಾಕ್ಯ ಕಿತ್ತುಕೊಂಡುಬಿಡುತ್ತದೆ.

‘ಗ್ರಂಥಾಲಯಗಳ ಮಹತ್ವ’ ಎಂಬುದು ಪದೇ ಪದೇ ಕೇಳುವ ವಿಷಯ. ಮಕ್ಕಳು ‘ಗ್ರಂಥಾಲಯ ಎಂದರೆ ಪುಸ್ತಕಗಳ ಆಲಯ’ ಎಂದು ಶುರುಮಾಡಿ ಗ್ರಂಥಾಲಯದ ವಿಧಗಳು, ನಿಯಮಗಳು, ದೊಡ್ಡ ದೊಡ್ಡ ಗ್ರಂಥಾಲಯಗಳ ಹೆಸರು ಎಂದು ಬರೆಯುತ್ತಾ ಹೋಗುತ್ತಾರೆ. ಕೇಳಿದ್ದು ಮಹತ್ವ. ಯಾರಿಗೆ ಮಹತ್ವ ಎಂದು ಮಗಳನ್ನು ಕೇಳಿ. ಪುಸ್ತಕ ಕೊಳ್ಳಲಾಗದ ಮನೆಯ ಮಗುವಿಗೆ, ಪರೀಕ್ಷೆಗೆ ಓದಲು ಮನೆಯಲ್ಲಿ ಮೌನವಾದ ಮೂಲೆ ಇಲ್ಲದ ಹುಡುಗಿಗೆ, ಬೆಳಿಗ್ಗೆ ಪತ್ರಿಕೆ ಓದಲು ಬರುವ ನಿವೃತ್ತರಿಗೆ. ನಿಮ್ಮೂರಿನ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಒಂದು ಸಂಜೆ ಅವಳನ್ನು ಕರೆದುಕೊಂಡು ಹೋಗಿ. ಯಾರು ಬರುತ್ತಾರೆ, ಏನು ಓದುತ್ತಾರೆ, ಹೆಣ್ಣುಮಕ್ಕಳು ಎಷ್ಟು ಹೊತ್ತಿನವರೆಗೆ ಇರುತ್ತಾರೆ ಎಂದು ನೋಡಿ ಬರಲಿ. ಪೀಠಿಕೆ ತಾನಾಗಿ ಹುಟ್ಟುತ್ತದೆ. ಬೇಕಿದ್ದರೆ 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಹೆಸರನ್ನು ಒಂದು ವಾಕ್ಯದಲ್ಲಿ ಸೇರಿಸಲಿ. ಗ್ರಂಥಾಲಯ ಒದಗಿಸುವುದು ಸರ್ಕಾರದ ಹೊಣೆ ಎಂಬ ಮಾತಿಗೆ ಅದು ಆಧಾರವಾಗುತ್ತದೆ.

ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಓದಲೆಂದೇ 15 ನಿಮಿಷ ಕೊಡುತ್ತಾರೆ. ಬಹಳಷ್ಟು ಮಕ್ಕಳು ಆ ಹೊತ್ತನ್ನು ‘ಬಂತಾ, ಬರಲಿಲ್ಲವಾ’ ಎಂದು ಎಣಿಸಲು ಕಳೆಯುತ್ತಾರೆ. ಆ ಸಮಯದ ಒಂದಿಷ್ಟನ್ನು ಪ್ರಬಂಧದ ವಿಷಯಕ್ಕೇ ಮೀಸಲಿಡಲು ಮನೆಯಲ್ಲೇ ಅಭ್ಯಾಸ ಮಾಡಿಸಿ.

ಪ್ರಶ್ನೆ: ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು, ಐಎಎಸ್ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಲು ತಯಾರಾಗುತ್ತಿದ್ದೇನೆ. ಪ್ರಬಂಧ ಪತ್ರಿಕೆಯಲ್ಲಿ ಈಚೆಗೆ ಗಾದೆಯಂಥ ಒಂದು ವಾಕ್ಯ ಕೊಟ್ಟು ಸುಮ್ಮನಾಗುತ್ತಾರೆ. ಚರ್ಚಿಸಿ, ವಿವರಿಸಿ ಎಂಬ ಪದವೂ ಇರುವುದಿಲ್ಲ. ಎಲ್ಲಿಂದ ಹಿಡಿಯಬೇಕು?
– ಅಭ್ಯರ್ಥಿ, ಸಿಂಧನೂರು

ಉತ್ತರ: ನಿಮ್ಮ ಕಷ್ಟ ಇಮ್ಮಡಿ. ಉತ್ತರವನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ, ಪ್ರಶ್ನೆ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ಅಚ್ಚಾಗುತ್ತದೆ. 250 ಅಂಕದ ಪತ್ರಿಕೆ, ಮೂರು ಗಂಟೆ, ಎರಡು ವಿಭಾಗಗಳಿಂದ ಒಂದೊಂದರಂತೆ ಎರಡು ಪ್ರಬಂಧ, ಪ್ರತಿಯೊಂದೂ 1000–1200 ಪದ. ಪ್ರಶ್ನೆ ಕನ್ನಡದಲ್ಲಿ ಇಲ್ಲದ ಈ ಅನ್ಯಾಯದ ಬಗ್ಗೆ ನನಗೆ ಬಹಳ ಬೇಸರವಿದೆ. ಅದು ಸರಿಹೋಗುವವರೆಗೆ ನೀವು ಮಾಡಬೇಕಾದ ಮೊದಲ ಕೆಲಸವೆಂದರೆ ಆ ವಾಕ್ಯವನ್ನು ನಿಮ್ಮ ಮನೆಮಾತಿನ ಕನ್ನಡದಲ್ಲಿ, ಅಜ್ಜಿಗೆ ಹೇಳುವ ಹಾಗೆ, ಉತ್ತರಪತ್ರಿಕೆಯ ಕಚ್ಚಾ ಜಾಗದಲ್ಲಿ ಬರೆದುಕೊಳ್ಳುವುದು. ಪುಸ್ತಕದ ಕನ್ನಡಕ್ಕೆ ತಿರುಗಿಸಿದರೆ ಅರ್ಥವಾಗದೇ ಇದ್ದದ್ದು ಅರ್ಥವಾದ ಹಾಗೆ ತೋರುತ್ತದೆ. ಅನುವಾದ ಕೆಟ್ಟರೆ ಏನಾಗುತ್ತದೆ ಎಂದು ನಾವು 2024ರ ಕೆಎಎಸ್ ಪೂರ್ವಭಾವಿ ಪರೀಕ್ಷೆಯಲ್ಲೇ ಕಂಡೆವು, ಮರುಪರೀಕ್ಷೆ ನಡೆಸಬೇಕಾಯಿತು.

2024ರ ಐಎಎಸ್ ಪ್ರಬಂಧ ಪತ್ರಿಕೆಯಲ್ಲಿ ಬಂದ ವಿಷಯವೊಂದನ್ನು ನೋಡೋಣ. ಅದರ ತಾತ್ಪರ್ಯ: ನಾಗರಿಕತೆ ಬರುವ ಮೊದಲು ಕಾಡು ಇರುತ್ತದೆ, ನಾಗರಿಕತೆಯ ಬೆನ್ನ ಹಿಂದೆ ಮರುಭೂಮಿ ಬರುತ್ತದೆ. ಓದಿದ ಕೂಡಲೇ ಎಲ್ಲರ ಮನಸ್ಸಿಗೂ ಬರುವುದು ಪರಿಸರ ಮಾಲಿನ್ಯ, ಜಾಗತಿಕ ತಾಪಮಾನ, ಗಿಡ ನೆಡಿ ಎಂಬ ಮಾತು. ಅಲ್ಲಿಗೆ ಜಾರಿದರೆ ಪ್ರಶ್ನೆ ಕೈತಪ್ಪಿತು.

ವಾಕ್ಯವನ್ನೇ ಮತ್ತೆ ನೋಡಿ. ಅದು ಹೇಳುವುದು ಒಂದು ಕ್ರಮ: ಮೊದಲು ಇದು, ನಡುವೆ ಅದು, ಕೊನೆಗೆ ಇನ್ನೊಂದು. ಬಾಯಿಬಿಟ್ಟು ಹೇಳದೇ ಇರುವುದು ಒಂದು ಆರೋಪ: ಮರುಭೂಮಿಗೆ ನಾಗರಿಕತೆಯೇ ಕಾರಣ. ಇನ್ನೂ ಒಳಗೆ ಒಂದು ನಂಬಿಕೆ ಅಡಗಿದೆ: ಹೀಗೆ ಆಗಿಯೇ ತೀರುತ್ತದೆ, ತಪ್ಪಿಸಲಾಗದು. ಈ ಮೂರನ್ನು ಬೇರೆ ಬೇರೆಯಾಗಿ ಇಟ್ಟುಕೊಂಡರೆ ನಿಮ್ಮ ಪ್ರಬಂಧಕ್ಕೆ ಎಲುಬು ಸಿಕ್ಕಿತು. ಒಂದೊಂದನ್ನೂ ನಿಜವೇ ಎಂದು ಪರೀಕ್ಷಿಸುವುದೇ ಬರವಣಿಗೆ.

ಆರೋಪಕ್ಕೆ ಪುಷ್ಟಿ ಕೊಡಲು ನೀವು ದೂರ ಹೋಗಬೇಕಿಲ್ಲ. ದಕ್ಷಿಣ ಮೆಸಪೊಟೇಮಿಯಾದಲ್ಲಿ ನೀರಾವರಿಯಿಂದ ಹೊಲಗಳಲ್ಲಿ ಉಪ್ಪು ಮೇಲೆದ್ದು ಫಲವತ್ತತೆ ಕುಗ್ಗಿದ ಕಥೆಯನ್ನು ಇತಿಹಾಸದಲ್ಲಿ ಓದಿರುತ್ತೀರಿ. ಅದೇ ಸಂಗತಿ ನಿಮ್ಮ ತುಂಗಭದ್ರಾ ಅಚ್ಚುಕಟ್ಟಿನ ಸವಳು-ಜವಳು ಹೊಲಗಳಲ್ಲಿ ಕಣ್ಣಿಗೆ ಕಾಣುತ್ತದೆ. ಕಾಲುವೆಯ ಕೊನೆಗೆ ನೀರು ಮುಟ್ಟುವುದಿಲ್ಲ, ಮೇಲಿನ ಭಾಗದಲ್ಲಿ ನೀರು ನಿಂತು ಭತ್ತದ ಗದ್ದೆಯ ಮೇಲೆ ಬಿಳಿ ಉಪ್ಪಿನ ಪದರ ಕಟ್ಟುತ್ತದೆ. ಸಿಂಧನೂರಿನವರಾದ ನಿಮಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ. ದೆಹಲಿಯ ಕೋಚಿಂಗ್ ಟಿಪ್ಪಣಿಯಲ್ಲಿ ಇದು ಸಿಗುವುದಿಲ್ಲ, ನಿಮ್ಮ ಉತ್ತರಪತ್ರಿಕೆಯಲ್ಲಿ ಮಾತ್ರ ಸಿಗಬಲ್ಲದು.

ಆಮೇಲೆ ಕ್ರಮವನ್ನು ಪ್ರಶ್ನಿಸಿ. ಯಾವಾಗಲೂ ಕಾಡು ಮೊದಲು, ಮರುಭೂಮಿ ಕೊನೆಗೆ ಎಂಬುದು ನಿಜವೇ? ಈಜಿಪ್ಟನ್ನು ನೋಡಿ. ಸಹಾರಾದ ಬಹುಭಾಗ ಒಂದು ಕಾಲದಲ್ಲಿ ಹುಲ್ಲುಗಾವಲು, ಕೆರೆಗಳ ನಾಡಾಗಿತ್ತು. ಸುಮಾರು 5,000 ವರ್ಷಗಳ ಹಿಂದಿನ ಹೊತ್ತಿಗೆ ಅದು ಒಣಗಿತು. ಭೂಮಿಯ ಚಲನೆಯಲ್ಲಿ ನಿಧಾನವಾಗಿ ಆದ ಬದಲಾವಣೆಯಿಂದ ಅಲ್ಲಿನ ಮಳೆ ದಕ್ಷಿಣಕ್ಕೆ ಸರಿದದ್ದು ಅದಕ್ಕೆ ಮುಖ್ಯ ಕಾರಣ. ಒಣಗುತ್ತಿದ್ದ ನೆಲದಿಂದ ಜನ ನೈಲ್ ಕಣಿವೆಯತ್ತ ಬಂದರು, ಅಲ್ಲಿ ನಾಗರಿಕತೆ ಬೆಳೆಯಿತು. ಇಲ್ಲಿ ಮರುಭೂಮಿಯೇ ಮೊದಲು ಬಂತು! ಇಂಥ ಒಂದು ಎದುರುದಾಹರಣೆ ಸಿಕ್ಕಿದರೆ ನೀವು ವಾಕ್ಯವನ್ನು ಹೊಗಳುವವರ ಸಾಲಿನಿಂದ ಅದನ್ನು ಪರೀಕ್ಷಿಸುವವರ ಸಾಲಿಗೆ ಬರುತ್ತೀರಿ.

ಕೊನೆಯದಾಗಿ ‘ತಪ್ಪಿಸಲಾಗದು’ ಎಂಬ ನಂಬಿಕೆಯನ್ನು ಪರೀಕ್ಷಿಸಿ. 1983ರಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ ಜನ ಮರಗಳನ್ನು ಅಪ್ಪಿಕೊಂಡು ಕಡಿಯುವುದನ್ನು ತಡೆದರು. ಕುದುರೆಮುಖದ ಗಣಿಗಾರಿಕೆ ಸುಪ್ರೀಂ ಕೋರ್ಟಿನ ಆದೇಶದಿಂದ 2005ರ ಕೊನೆಗೆ ನಿಂತಿತು. ಅಂದರೆ ನಾಗರಿಕತೆ ತನ್ನ ದಾರಿಯನ್ನು ತಾನೇ ತಡೆದು ಬೇರೆ ಕಡೆ ತಿರುಗಿಸಿದ ನಿದರ್ಶನಗಳೂ ಇವೆ. ಅವು ಸಾಕೇ, ಸಾಲವೇ ಎಂಬುದು ನಿಮ್ಮ ತೀರ್ಮಾನ. ಅದನ್ನು ಅಂಜದೆ ಬರೆಯಿರಿ.

ಇಷ್ಟನ್ನು ಯೋಚಿಸಲು ಇಪ್ಪತ್ತು ನಿಮಿಷ ಹೋದರೂ ಹೋಗಲಿ. ಪಕ್ಕದವರು ಆಗಲೇ ಎರಡನೇ ಪುಟಕ್ಕೆ ಬಂದರೆಂದು ಗಾಬರಿಯಾಗಬೇಡಿ. ಆರಿಸಿಕೊಳ್ಳುವ ಮೊದಲು ವಿಭಾಗದ ನಾಲ್ಕೂ ವಿಷಯಗಳ ಮೇಲೆ ಇಂಥ ಪರೀಕ್ಷೆಯನ್ನು ಚಿಕ್ಕದಾಗಿ ನಡೆಸಿ ನೋಡಿ. ಯಾವುದಕ್ಕೆ ಪರವಾಗಿಯೂ ವಿರೋಧವಾಗಿಯೂ ಗಟ್ಟಿ ಸಂಗತಿ ಸಿಗುತ್ತದೋ ಅದನ್ನೇ ತೆಗೆದುಕೊಳ್ಳಿ. ಕಿವಿಗೆ ಇಂಪಾದ ವಿಷಯಕ್ಕೆ ಮರುಳಾಗಬೇಡಿ.

ಪ್ರಶ್ನೆ: ನೀವು ಹೇಳುವುದೆಲ್ಲ ಕೇಳಲು ಚೆಂದ. ಆದರೆ ಮೌಲ್ಯಮಾಪನದಲ್ಲಿ ಮಾದರಿ ಉತ್ತರದ ಅಂಶಗಳನ್ನು ಎಣಿಸಿ ಅಂಕ ಕೊಡುತ್ತೇವೆ. ಹತ್ತು ಅಂಶ ಬರೆದ ಮಗುವಿಗೆ ಪೂರ್ತಿ ಅಂಕ. ಹೀಗಿರುವಾಗ ಪ್ರಶ್ನೆಯ ವಿಶ್ಲೇಷಣೆ ಎಂದು ಮಕ್ಕಳ ಸಮಯವನ್ನೇಕೆ ಕಳೆಯಬೇಕು?
– ಉಪನ್ಯಾಸಕ, ಮಂಡ್ಯ

ಉತ್ತರ: ಸರ್, ನಾನೂ ಮೌಲ್ಯಮಾಪನ ಕೇಂದ್ರಗಳಲ್ಲಿ ಕೂತು ಕಟ್ಟುಗಟ್ಟಲೆ ಉತ್ತರಪತ್ರಿಕೆ ನೋಡಿದವಳು. ನೀವು ಹೇಳುವ ಪದ್ಧತಿ ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದರಿಂದ ನೀವು ತೆಗೆದ ತೀರ್ಮಾನವನ್ನು ಒಪ್ಪಲಾರೆ.

ಮೊದಲನೆಯದಾಗಿ, ಅಂಶ ಎಣಿಸುವಾಗಲೂ ಕೇಳಿದ್ದಕ್ಕೆ ಸೇರಿದ ಅಂಶವನ್ನೇ ಎಣಿಸುತ್ತೇವೆ. 1857ರ ದಂಗೆ ವಿಫಲವಾಗಲು ಕಾರಣಗಳನ್ನು ಕೇಳಿದಾಗ ಕೊಬ್ಬು ಸವರಿದ ತೋಟಾ, ಮಂಗಲ್ ಪಾಂಡೆ, ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ಡಾಲ್‌ಹೌಸಿಯ ನೀತಿ ಎಂದು ಎರಡು ಪುಟ ತುಂಬಿಸಿದ ಉತ್ತರಗಳು ಪ್ರತಿವರ್ಷ ಬರುತ್ತವೆ. ಅವೆಲ್ಲ ದಂಗೆ ಏಳಲು ಕಾರಣಗಳು. ಸೋಲಿಗೆ ಕಾರಣಗಳು ಬೇರೆ: ಒಬ್ಬ ನಾಯಕನಿಲ್ಲ, ದಂಗೆ ಬಹುಪಾಲು ಉತ್ತರ ಭಾರತಕ್ಕೆ ಸೀಮಿತವಾಯಿತು, ಸಿಖ್ಖರೂ ಹಲವು ಸಂಸ್ಥಾನಗಳೂ ಬ್ರಿಟಿಷರ ಬೆನ್ನಿಗೆ ನಿಂತವು, ತಂತಿ ಸಂಪರ್ಕ ಅವರ ಕೈಯಲ್ಲಿತ್ತು. ಆ ಮಗುವಿಗೆ ಪಾಠ ಚೆನ್ನಾಗಿ ಬರುತ್ತಿತ್ತು. ‘ವಿಫಲ’ ಎಂಬ ಒಂದು ಪದದ ಮೇಲೆ ಕಣ್ಣು ನಿಲ್ಲಲಿಲ್ಲ. ಅಂಕ ಕಳೆದುಕೊಂಡದ್ದು ಅಲ್ಲಿಯೇ. ಕೆಂಪು ಶಾಯಿಯಲ್ಲಿ ಸೊನ್ನೆ ಹಾಕುವಾಗ ಕೈ ತಡೆಯುತ್ತದೆ, ಆದರೂ ಹಾಕಬೇಕಾಗುತ್ತದೆ.

ಎರಡನೆಯದು ಇನ್ನೂ ಮುಖ್ಯವಾದದ್ದು. ಈ ಮಕ್ಕಳು ನಮ್ಮ ಪರೀಕ್ಷೆಗೆ ಮಾತ್ರ ಓದುವುದಿಲ್ಲ. ನಾಳೆ ಕಾನೂನು ಓದುತ್ತಾರೆ, ಪತ್ರಿಕೆಯಲ್ಲಿ ಕೆಲಸ ಮಾಡುತ್ತಾರೆ, ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತಾಡುತ್ತಾರೆ. ಅಲ್ಲಿ ಯಾರೂ ಮಾದರಿ ಉತ್ತರ ಕೊಡುವುದಿಲ್ಲ.

ನಿಮ್ಮ ತರಗತಿಯಲ್ಲಿ ಒಂದು ಪ್ರಯೋಗ ಮಾಡಿ. ಕಿರುಪರೀಕ್ಷೆಯ ಉತ್ತರಗಳನ್ನು ಮಕ್ಕಳ ನಡುವೆಯೇ ಅದಲುಬದಲು ಮಾಡಿ, ಹೆಸರನ್ನೂ ಪ್ರಶ್ನೆಯನ್ನೂ ಮುಚ್ಚಿಸಿ. ಉತ್ತರವನ್ನು ಮಾತ್ರ ಓದಿ ಪ್ರಶ್ನೆ ಏನಿದ್ದಿರಬೇಕು ಎಂದು ಪ್ರತಿಯೊಬ್ಬರೂ ಬರೆಯಲಿ. ‘1857ರ ಬಗ್ಗೆ ಬರೆಯಿರಿ’ ಎಂದು ಊಹೆ ಬಂದರೆ ಆ ಉತ್ತರ ಯಾವ ಪ್ರಶ್ನೆಯನ್ನೂ ಮುಟ್ಟಿಲ್ಲ. ‘ದಂಗೆ ಏಕೆ ಸೋತಿತು’ ಎಂದು ಬಂದರೆ ಮುಟ್ಟಿದೆ. ನೀವು ಒಂದು ಮಾತೂ ಆಡಬೇಕಿಲ್ಲ, ಗೆಳೆಯನ ಊಹೆಯನ್ನು ಓದಿದ ಮಗುವಿಗೆ ತನ್ನ ಉತ್ತರ ಎಲ್ಲಿ ದಾರಿ ಬಿಟ್ಟಿತು ಎಂದು ಅರ್ಥವಾಗುತ್ತದೆ.

ಪ್ರಶ್ನೆ: ನಾನು ಬಿ.ಇಡಿ ಪ್ರಶಿಕ್ಷಣಾರ್ಥಿ. ಬೋಧನಾ ಅಭ್ಯಾಸಕ್ಕೆ ಸಿಗುವುದು 40 ನಿಮಿಷದ ಒಂದು ಅವಧಿ. ಅಷ್ಟರಲ್ಲಿ ಪ್ರಶ್ನೆ ಬಿಡಿಸುವ ಅಭ್ಯಾಸ ಮಾಡಿಸಬಹುದೇ? ಮಾರ್ಗದರ್ಶಕರು ಪಾಠಯೋಜನೆ ಕೇಳುತ್ತಾರೆ.
– ಪ್ರಶಿಕ್ಷಣಾರ್ಥಿ, ಕೊಪ್ಪಳ

ಉತ್ತರ: ಮಾಡಿಸಬಹುದು, ಆದರೆ ಒಂದೇ ಪ್ರಶ್ನೆ ಹಿಡಿಯಿರಿ. ಅದೂ ಮಕ್ಕಳು ಈಗಾಗಲೇ ಓದಿ ಮುಗಿಸಿದ ಪಾಠದ್ದಾಗಿರಲಿ. ಹೊಸ ಪಾಠವನ್ನೂ ಪ್ರಶ್ನೆ ಬಿಡಿಸುವುದನ್ನೂ ಒಂದೇ ಅವಧಿಯಲ್ಲಿ ಸೇರಿಸಿದರೆ ಎರಡೂ ನಿಲ್ಲುವುದಿಲ್ಲ.

ಕೊಪ್ಪಳದ ಮಕ್ಕಳಿಗೆ ‘ಕಲ್ಯಾಣ ಕರ್ನಾಟಕಕ್ಕೆ 371(ಜೆ) ವಿಧಿಯ ಅಗತ್ಯ ಏಕೆ ಬಂತು?’ ಎಂಬ ಪ್ರಶ್ನೆ ಚೆನ್ನಾಗಿ ಹೊಂದುತ್ತದೆ. ಈ ಭಾಗದವರಿಗೆ ಶಿಕ್ಷಣ, ಉದ್ಯೋಗದಲ್ಲಿ ಮೀಸಲಾತಿಗೆ ಅವಕಾಶ ಕೊಟ್ಟ ಸಂವಿಧಾನದ ವಿಧಿ ಅದು. ಅಣ್ಣನಿಗೋ ಅಕ್ಕನಿಗೋ ಆ ಮೀಸಲಾತಿಯಲ್ಲಿ ಸೀಟು ಸಿಕ್ಕಿದ್ದನ್ನು ಹಲವರು ಬಲ್ಲರು. ವಿಧಿ ಏನು ಕೊಟ್ಟಿತು ಎಂದು ಬರೆಯಲು ಎಲ್ಲರೂ ಓಡುತ್ತಾರೆ. ಪ್ರಶ್ನೆ ಕೇಳುವುದು ಅದಕ್ಕಿಂತ ಹಿಂದಿನದನ್ನು. ನಿಜಾಮನ ಆಳ್ವಿಕೆ, 1948ರ ವಿಮೋಚನೆ, ಶಿಕ್ಷಣ ಮತ್ತು ನೀರಾವರಿಯಲ್ಲಿ ಹಿಂದುಳಿದದ್ದು, 2002ರಲ್ಲಿ ನಂಜುಂಡಪ್ಪ ಸಮಿತಿ ಪ್ರಾದೇಶಿಕ ಅಸಮತೋಲನದ ಬಗ್ಗೆ ಕೊಟ್ಟ ವರದಿ, ಇವು ‘ಏಕೆ’ ಎಂಬುದಕ್ಕೆ ಸೇರಿದವು. ಮೀಸಲಾತಿಯ ವಿವರಗಳು ಸೇರುವುದಿಲ್ಲ.

ಮೊದಲ ಹತ್ತು ನಿಮಿಷ ಪದ ಅಳಿಸಿ ನೋಡುವುದಕ್ಕೆ. ಆಮೇಲಿನ ಹದಿನೈದು ನಿಮಿಷ ಸಂಗತಿಗಳನ್ನು ಬೇಕು, ಬೇಡ ಎಂದು ಎರಡು ಸಾಲಾಗಿ ವಿಂಗಡಿಸಲು. ಇಬ್ಬಿಬ್ಬರು ಕೂತು ಮಾಡಲಿ, ಜಗಳವಾಡಲಿ. ಮುಂದಿನ ಹತ್ತು ನಿಮಿಷದಲ್ಲಿ ಒಬ್ಬೊಬ್ಬರೂ ತಮ್ಮ ತೀರ್ಮಾನದ ಒಂದು ವಾಕ್ಯ ಬರೆದು ನಾಲ್ಕಾರು ಮಂದಿ ಗಟ್ಟಿಯಾಗಿ ಓದಲಿ. ಪೂರ್ತಿ ಉತ್ತರ ಬರೆಸುವ ಆಸೆಗೆ ಬೀಳಬೇಡಿ. ಉಳಿದ ಐದು ನಿಮಿಷದಲ್ಲಿ ಅದೇ ಪಾಠದ ಮೇಲೆ ಹೊಸ ಪ್ರಶ್ನೆಯೊಂದನ್ನು ಮಕ್ಕಳೇ ರಚಿಸಲಿ, ಅದರಲ್ಲಿ ‘ಎಷ್ಟರಮಟ್ಟಿಗೆ’ ಅಥವಾ ‘ಮುಖ್ಯ ಕಾರಣ’ ಎಂಬ ಪದ ಇರಲೇಬೇಕು ಎಂದು ಹೇಳಿ. ಆ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿಕೊಂಡು ನಿಮ್ಮ ಪಾಠಯೋಜನೆಗೆ ಅಂಟಿಸಿ ಮಾರ್ಗದರ್ಶಕರಿಗೆ ತೋರಿಸಿ. ಮರುದಿನ ಆ ತರಗತಿಗೆ ಹೋಗುವ ನಿಮ್ಮ ಸಹಪಾಠಿ ಅವುಗಳಲ್ಲಿ ಒಂದನ್ನು ಆರಿಸಿಕೊಂಡು ಪಾಠ ಆರಂಭಿಸಬಹುದು.